ಹೊಂಗನೂರಿನ ಗಿಲಕಿಗೆ ಒಂದು ಇಟಾಲಿಯನ್ ಪದ

ಬೆಂಗಳೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಛತ್ರಿ, ಒಂದು ಡಬ್ಬಿ ಚಿತ್ರಾನ್ನ ಮತ್ತು ಅರ್ಧ ಪುಟದಷ್ಟು ಇಂಗ್ಲಿಷ್ ಇತ್ತು. ಆ ಅರ್ಧ ಪುಟವನ್ನು ಇಟಾಲಿಯನ್ನಿಗೆ ತಂದು ಸಂಜೆಯೊಳಗೆ ಕಳಿಸಬೇಕಿತ್ತು. ಇಟಲಿಯ ಟೊರಿನೋದ ಆಟಿಕೆ ಅಂಗಡಿಯೊಂದಕ್ಕೆ ಚನ್ನಪಟ್ಟಣ ಸೀಮೆಯ ಮರದ ಗಿಲಕಿ ಕಳಿಸಲು ಹೊರಟ ವರ್ತಕರೊಬ್ಬರು ಕೊಟ್ಟ ಕೆಲಸ, ಆ ಗಿಲಕಿಗಳ ವಿವರಣೆ. ಹಿಂದೆ ಟೊರಿನೋದಲ್ಲಿ ಎರಡು ವರ್ಷ ಇದ್ದು ಕಲಿತ ಭಾಷೆ ಈಗ ನನ್ನ ಹೊಟ್ಟೆಪಾಡು.

ಎಲ್ಲ ಸಲೀಸಾಗಿ ಬಂದಿತ್ತು, ‘ಸೀಸನ್ಡ್’ ಎಂಬ ಪದವೊಂದರ ಹೊರತು. ಉಪ್ಪು ಮಸಾಲೆ ಬಿದ್ದ ಅಡುಗೆಗೂ, ಪಳಗಿದ ಆಳಿಗೂ, ಹದವಾಗಿ ಒಣಗಿದ ಮರಕ್ಕೂ ಇಂಗ್ಲಿಷಿನವರಿಗೆ ಅದೊಂದೇ ಸಾಕು. ಇಟಾಲಿಯನ್ನರು ಅಷ್ಟು ಜುಗ್ಗರಲ್ಲ. ಅಡುಗೆಗೆ ‘ಕೊಂದೀತೊ’, ಆಳಿಗೆ ‘ಎಸ್ಪೆರ್ತೊ’, ಮರಕ್ಕೆ ‘ಸ್ತಜೊನಾತೊ’. ನನಗೆ ಬೇಕಾದದ್ದು ಮೂರನೆಯದೇ. ಆದರೆ ಹಾಗೆಂದು ಬರೆದುಕೊಟ್ಟರೆ, ಮರ ತಿಂಗಳುಗಟ್ಟಲೆ ಕಾದು ಪೂರ್ತಿ ಒಣಗಿದೆಯೆಂದು ಮಾತು ಕೊಟ್ಟಂತೆ. ಕಾಣದ ಮರದ ಪರವಾಗಿ ಮಾತು ಕೊಡಲು ಮನಸ್ಸಾಗಲಿಲ್ಲ. ಒಂದು ಪದಕ್ಕೆ ಇಷ್ಟು ರಾದ್ಧಾಂತವೇ ಎಂದು ವರ್ತಕರು ಫೋನಿನಲ್ಲಿ ನಕ್ಕರು.

ರಾಮನಗರದ ಬಂಡೆಗಳ ಮೇಲೆ ಮೋಡ ಕವಿದಿತ್ತು. ರೇಷ್ಮೆಗೂಡು ಮಾರಿ ಬಂದವರು ಖಾಲಿ ಚೀಲ ಮಡಚಿಟ್ಟುಕೊಂಡು ಹತ್ತಿದರು. ಮದ್ದೂರು ವಡೆಯವನು ಬಂದ, ತಿಂದೆ, ಎಣ್ಣೆ ಜಾಸ್ತಿಯಾಗಿತ್ತು. ಚನ್ನಪಟ್ಟಣದಲ್ಲಿ ಇಳಿದು ಹೊಂಗನೂರಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಆಷಾಢದ ಗಾಳಿಗೆ ಛತ್ರಿ ಬಿಚ್ಚುವ ಹಾಗಿರಲಿಲ್ಲ.

ಗಿಲಕಿ ಮಾಡುವ ಜಯಮ್ಮನ ಮನೆ ಬಸ್ ನಿಲ್ಲುವಲ್ಲಿಂದ ಎದುರಿಗೇ ಕಾಣುತ್ತದೆ. ಅವರಿಗೆ ನಲವತ್ತೈದರ ಆಸುಪಾಸು. ಇಪ್ಪತ್ತು ವರ್ಷದಿಂದ ಚನ್ನಪಟ್ಟಣದಲ್ಲಿ ಬೇರೆಯವರ ಲೇತಿನ ಮುಂದೆ ಕೂತು ಮರ ಕಡೆದವರು. ಈ ಆರ್ಡರು ಸಿಕ್ಕರೆ ಮನೆಯಲ್ಲೇ ಸ್ವಂತ ಲೇತು ಹಾಕುವ ಲೆಕ್ಕಾಚಾರ. ಅದಕ್ಕೆಂದು ಹಜಾರದಲ್ಲಿ ಸಿಮೆಂಟಿನ ಕಟ್ಟೆಯನ್ನೂ ಕಟ್ಟಿಸಿಬಿಟ್ಟಿದ್ದರು. ಕಾಫಿ ಕೊಡುವ ಮೊದಲೇ ನನಗೆ ಅದನ್ನು ತೋರಿಸಿದರು.

ಮನೆಯ ಪಕ್ಕದಲ್ಲಿ, ಈ ಆಟಿಕೆಗಳಿಗೆಂದೇ ಬಳಸುವ ಆಲೆಮರದ ತುಂಡುಗಳ ಎರಡು ರಾಶಿಗಳಿದ್ದವು. ಒಂದು ಚಿಕ್ಕದು, ಬೇಸಿಗೆಯಲ್ಲಿ ಕಡಿದದ್ದು. ಅದರಲ್ಲಿ ಹೆಚ್ಚಿನದು ಮಾದರಿಗಳಿಗೇ ಮುಗಿದಿತ್ತು. ಇನ್ನೊಂದು ಆಳೆತ್ತರದ್ದು, ಆರ್ಡರಿಗೆಂದು ಹೊಸದಾಗಿ ತಂದದ್ದು. ಒಣಗಿದೆಯೇ ಎಂದು ಕೇಳಿದೆ. ಅವರು ಎರಡೂ ರಾಶಿಯಿಂದ ಒಂದೊಂದು ತುಂಡು ತೆಗೆದು ನನ್ನ ಕೈಗಿಟ್ಟರು.

“ಕೆನ್ನೆಗಿಟ್ಕೊಂಡು ನೋಡಿ ಮೇಡಮ್ಮೋರೆ. ತಣ್ಗೈತೆ ಅಂದ್ರೆ ಒಳಗೆ ಇನ್ನೂ ನೀರೈತೆ ಅಂತ.”

ಮೊದಲನೆಯದು ಕೆನ್ನೆಗೆ ಏನೂ ಅನ್ನಿಸಲಿಲ್ಲ. ಎರಡನೆಯದು, ದೊಡ್ಡ ರಾಶಿಯದು, ಆಗತಾನೆ ತೊಳೆದ ಲೋಟದ ಹಾಗೆ ತಣ್ಣಗಿತ್ತು. ನನಗೆ ಹಜಾರದ ಕಟ್ಟೆ ನೆನಪಾಯಿತು. ಟೊರಿನೋದಲ್ಲಿ ಯಾರೂ ಇದನ್ನು ಕೆನ್ನೆಗಿಟ್ಟು ನೋಡುವುದಿಲ್ಲ, ಒಣಗಿದೆಯೆಂದೇ ಬರೆದುಬಿಡುತ್ತೇನೆ ಎಂದೆ. ಅಷ್ಟು ದೂರ ಮರ ಪರೀಕ್ಷಿಸಲು ಬಂದವಳ ಬಾಯಲ್ಲೇ ಈ ಮಾತು ಬಂತು. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಜಯಮ್ಮ ತುಂಡುಗಳನ್ನು ಇಸಿದುಕೊಂಡು ಅವುಗಳ ರಾಶಿಗೇ ಹಾಕಿದರು.

“ಅರಗು ಬಣ್ಣ ಹತ್ತುಸ್ಬುಟ್ರೆ ಯಾರ್ಗೂ ಗೊತ್ತಾಗಕಿಲ್ಲ. ಆಮ್ಯಾಕೆ ಸೀಳ್ತದೆ. ಸೀಳೋ ಹೊತ್ಗೆ ಮಗೀನ ಬಾಯಲ್ಲಿರ್ತದೆ. ಹಸಿ ಐತೆ ಅಂತ್ಲೇ ಬರೀರಿ. ಒಸಿ ಟೈಮ್ ಕೇಳಿ, ಎರಡು ತಿಂಗ್ಳು.”

ಜಗಲಿಯ ಮೇಲೆ ಕೂತು ಬರೆದೆ: ಮರ ಇನ್ನೂ ಒಣಗುತ್ತಿದೆ, ಎರಡು ತಿಂಗಳು ಬೇಕು. ಅದಕ್ಕೆ ಇಟಾಲಿಯನ್ನಿನಲ್ಲಿ ಯಾವ ತೊಡಕೂ ಇಲ್ಲ. ಮೊಬೈಲಿನಲ್ಲೇ ವರ್ತಕರಿಗೆ ಕಳಿಸಿ, ಇಬ್ಬರೂ ಚಿತ್ರಾನ್ನ ತಿಂದೆವು.

ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಜಯಮ್ಮ ಬಂದಿದ್ದಾಗ ವರ್ತಕರ ಫೋನು ಬಂತು. ಟೊರಿನೋದವರು ಕಾಯುವುದಿಲ್ಲವಂತೆ, ಬೇರೆ ಕಡೆ ಕೊಳ್ಳುತ್ತಾರಂತೆ. ನಾನು ಫೋನು ಇಳಿಸುವಷ್ಟರಲ್ಲೇ ಜಯಮ್ಮನಿಗೆ ತಿಳಿದಿತ್ತು.

“ಬ್ಯಾಡ ಅಂದ್ರಾ?”

ಹೌದೆಂದೆ. ಅವರು ಆಕಾಶ ನೋಡಿ, ಹನಿ ಬರೋ ಹಂಗೈತೆ, ಹುಷಾರಾಗಿ ಹೋಗಿ ಎಂದು ಹೇಳಿ ರಸ್ತೆ ದಾಟಿದರು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಯಾರಿಗೂ ಬೇಡವಾದ ಆ ದೊಡ್ಡ ರಾಶಿಯ ಮೇಲೆ ಜಯಮ್ಮ ಟಾರ್ಪಾಲು ಎಳೆದು, ಗಾಳಿಗೆ ಹಾರದಂತೆ ಮೂಲೆಮೂಲೆಗೂ ಕಲ್ಲಿಡುತ್ತಿದ್ದರು.