ತಪ್ಪುಕಾಣಿಕೆಗೆ ಹೋದ ಕೇಕು

ಕೇಕಿನ ಮೇಲೆ ನನ್ನ ಹೆಸರು ಬರೆಸಬೇಕು. ಹನ್ನೆರಡು ತುಂಬುವುದರೊಳಗೆ ನನಗಿದ್ದ ಆಸೆ ಅದೊಂದೇ. ನಗು ಬಂದರೆ ನಗಿ, ನನಗೇನೂ ಬೇಜಾರಿಲ್ಲ. ನಮ್ಮ ತರಗತಿಯ ಹುಡುಗಿಯರ ಹುಟ್ಟುಹಬ್ಬ ಆದ ಮಾರನೆಯ ದಿನ ಶಾಲೆಯಲ್ಲಿ ಕೇಕಿನ ಮಾತು ಬಿಟ್ಟು ಬೇರೆ ಮಾತಿರುತ್ತಿರಲಿಲ್ಲ. ಅವರಮ್ಮಂದಿರ ಫೋನಿನ ಸ್ಟೇಟಸ್ಸಿನಲ್ಲಿ ಕೇಕು, ಕೇಕಿನ ಮೇಲೆ ಗುಲಾಬಿ ಬಣ್ಣದಲ್ಲಿ ಮಗಳ ಹೆಸರು. ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ.

ಅಮ್ಮನನ್ನು ಕೇಳಿದ್ದೆ. "ಉರಿಯೋ ದೀಪನ ಉಫ್ ಅಂತ ಊದಿ ಆರ್ಸೋದು ಯಾವ ಸೀಮೆ ಶುಭನೇ? ಪಾಯ್ಸ ಮಾಡ್ತೀನಿ, ತಿನ್ಕೊಂಡು ಬಿದ್ಕೊ" ಅಂದಳು. ಅಪ್ಪ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಚೀಲ ಹೊರುವ ಹಮಾಲಿ. ಅವನು ನಕ್ಕು, "ನಿನ್ ದುಡ್ಡಲ್ಲಿ ಏನಾದ್ರೂ ತಗೊಳವ್ವ, ನಾನ್ಯಾಕೆ ಬ್ಯಾಡ ಅನ್ಲಿ" ಅಂದ. ಹುಡುಗಿಗೆ ತನ್ನದು ಅಂತ ದುಡ್ಡು ಎಲ್ಲಿಂದ ಬರಬೇಕು, ಅಲ್ಲಿಗೆ ಮಾತು ಮುಗಿಯಿತು ಅಂತ ಅವನ ಲೆಕ್ಕ. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಮ್ಮ ಬೀದಿಯ ಹುಡುಗರಿಗೆ ದಾರಿಗಳಿದ್ದವು. ರಸ್ತೆ ಬದಿಯ ಮರದಡಿ ಹೊಂಗೆಕಾಯಿ ಆಯ್ದು, ಬೀಜ ಬಿಡಿಸಿ ಮಾರುತ್ತಿದ್ದರು. ಮಂಡಿಯ ಹಿಂದೆ ಬಿದ್ದ ಕರಟ ಒಟ್ಟುಮಾಡಿ ಕೊಡುತ್ತಿದ್ದರು. ಹುಡುಗಿಯರು ಹಾಗೆಲ್ಲ ಬೀದಿ ಸುತ್ತುವಂತಿಲ್ಲ. ನಮಗೆ ಉಳಿದದ್ದು ಹೂವಿನಜ್ಜಿಯ ಜಗಲಿ.

ಹೂವಿನಜ್ಜಿ ಊರಿನ ಗುಡಿಗಳಿಗೆಲ್ಲ ದಿನಾ ತಪ್ಪದೆ ವರ್ತನೆಯ ಹೂವು ಕೊಡುತ್ತಿದ್ದಳು. ಶನಿವಾರ ಬೆಳಿಗ್ಗೆ ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೂ ಒಂದು ಬುಟ್ಟಿ ಆಟೋದಲ್ಲಿ ಹೋಗುತ್ತಿತ್ತು. ದೇವರ ಹೂವು ಅಂದಮೇಲೆ ಅವಳ ಕಾನೂನು ಬಿಗಿ. ಸ್ನಾನ ಮಾಡಿ ಬರಬೇಕು. ಹೂವು ಮೂಸಬಾರದು. ದಾರದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಳ್ಳಬಾರದು, ಕಿಟಕಿಯ ಸರಳಿಗೇ ಕಟ್ಟಬೇಕು. ಎಲ್ಲಕ್ಕಿಂತ ದೊಡ್ಡ ಕಾನೂನು, ದೊಡ್ಡವಳಾದ ಹುಡುಗಿ ಆ ಜಗಲಿ ಹತ್ತಬಾರದು. ತಿಂಗಳಲ್ಲಿ ಯಾವಾಗ ರಜೆ, ಯಾವಾಗ ಕೆಲಸ ಅಂತ ಕಾಯುತ್ತಾ ಕೂರುವ ವ್ಯವಹಾರ ಅಜ್ಜಿಗೆ ಬೇಡವಾಗಿತ್ತು. ಹಾಗಾಗಿ ಮುಟ್ಟು ನಿಂತ ಅವಳು, ಮುಟ್ಟು ಶುರುವಾಗದ ನಾವು, ಇಷ್ಟೇ ಜನ.

ಕೂಲಿ ಮಾರಿನ ಲೆಕ್ಕ. ಎರಡು ಕೈ ಅಗಲಿಸಿದರೆ ಒಂದು ಮಾರು. ನಾವು ಕಟ್ಟಿದ್ದನ್ನು ತೆಗೆದುಕೊಳ್ಳುವಾಗ ಅಜ್ಜಿಯ ಕೈ ಗೋಡೆಯಿಂದ ಗೋಡೆಗೆ ಚಾಚುತ್ತಿತ್ತು. ಗಿರಾಕಿಗೆ ಅಳೆದು ಕೊಡುವಾಗ ಅದೇ ಕೈಗೆ ಎಲ್ಲಿಲ್ಲದ ಮೊಣಕೈ ನೋವು ಬರುತ್ತಿತ್ತು. "ಅಜ್ಜಿ, ಮಾಲಿಶ್ ಮಾಡ್ಲಾ" ಅಂತ ನಾನೊಮ್ಮೆ ಕೇಳಿ ಬೈಸಿಕೊಂಡೆ. ಆದರೂ ಬಿಡಲಿಲ್ಲ. ಶಾಲೆ ಬಿಟ್ಟವಳೇ ಮುಖ ಮೈ ತೊಳೆದು ಓಡುತ್ತಿದ್ದೆ. ಎರಡು ಮೊಗ್ಗು ಆಕಡೆ, ಎರಡು ಈಕಡೆ, ಒಂದು ಗಂಟು. ನನ್ನ ಗಂಟು ಬಿಗಿ ಅಂತ ಅಜ್ಜಿಯೇ ಒಪ್ಪಿದ್ದಳು. ಕೂಲಿಯೆಲ್ಲ ಹಳೆಯ ಹಾರ್ಲಿಕ್ಸ್ ಡಬ್ಬಿಗೆ ಬೀಳುತ್ತಿತ್ತು. ದಿನಾ ಬೇಕರಿಯ ಮುಂದೆ ಹಾದು ಬರುವಾಗ ಗಾಜಿನೊಳಗಿನ ಕೇಕನ್ನು ನೋಡಿ, ನನ್ನ ಹೆಸರು ಯಾವ ಸಾಲಿನಲ್ಲಿ ಬರೆಸಲಿ ಅಂತ ಯೋಚಿಸುತ್ತಿದ್ದೆ. ಬರುವ ಭಾನುವಾರ ನನ್ನ ಹುಟ್ಟುಹಬ್ಬ. ಡಬ್ಬಿ ಹೆಚ್ಚುಕಮ್ಮಿ ತುಂಬಿತ್ತು, ಆ ವಾರದ ಕೂಲಿಯೊಂದು ಸೇರಬೇಕಿತ್ತು.

ಮಂಗಳವಾರ ಶಾಲೆಯಲ್ಲಿ ಮುಟ್ಟಾದೆ.

ಹೆದರಲಿಲ್ಲ. ಟೀಚರು ಮೊದಲೇ ಹೇಳಿಕೊಟ್ಟಿದ್ದರು, ಪ್ಯಾಡಿನ ಪಾಕೀಟೂ ಕೊಟ್ಟರು. ನನಗೆ ಬಂದದ್ದು ಸಿಟ್ಟು. ಇನ್ನೊಂದು ವಾರ ತಡೆದಿದ್ದರೆ ಇದರ ಗಂಟೇನು ಹೋಗುತ್ತಿತ್ತು? ಟೀಚರು "ಮನೇಲಿ ಹೇಳು" ಅಂದರು, ಹೂಂ ಅಂದೆ. ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡು, ಎಂದಿನಂತೆ ಸ್ನಾನ ಮಾಡಿ, ಹೋಗಿ ಹೂವು ಕಟ್ಟಿದೆ. ಬುಧವಾರವೂ ಕಟ್ಟಿದೆ, ಗುರುವಾರವೂ ಕಟ್ಟಿದೆ. ಮೊಗ್ಗು ಬಾಡಲಿಲ್ಲ, ದಾರ ಹರಿಯಲಿಲ್ಲ. ನಾನು ತಪ್ಪು ಮಾಡಿದೆ ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸಿಲ್ಲ.

ಗುರುವಾರ ಮಂಡಿಯಲ್ಲಿ ಚೀಲ ಉರುಳಿ ಅಪ್ಪನ ಕಾಲಿನ ಹೆಬ್ಬೆರಳು ಜಜ್ಜಿತು. ಶುಕ್ರವಾರ ಬೆಳಿಗ್ಗೆ ಬಚ್ಚಲ ಹಿಂದೆ ನಾನು ಒಣಗಲು ಹಾಕಿದ್ದ ಬಟ್ಟೆಯ ಕಲೆ ಅಮ್ಮನ ಕಣ್ಣಿಗೆ ಬಿತ್ತು.

"ಯಾವತ್ತಿಂದನೇ?"

"ಮಂಗಳವಾರ."

"ಹೂವು ಕಟ್ಟಕ್ಕೆ ಹೋಗಿದ್ಯಾ?"

ಹೂಂ ಅಂದೆ. ಅಮ್ಮ ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತಳು. ಬೈದಿದ್ದರೆ, ಎರಡು ಬಾರಿಸಿದ್ದರೆ ಚೆನ್ನಾಗಿರುತ್ತಿತ್ತು. ಒಳಗೆ ಬಟ್ಟೆ ಸುತ್ತಿದ ಕಾಲು ನೀಡಿ ಕೂತಿದ್ದ ಅಪ್ಪನ ಕಡೆ ಒಂದು ಸಲ ನೋಡಿದಳು, ಅಷ್ಟೇ. ಆ ನೋಟದಲ್ಲೇ ನನ್ನ ಕೇಕು ಹೋಯಿತು ಅಂತ ನನಗೆ ಗೊತ್ತಾಯಿತು.

ಅವಳೇ ಹೋಗಿ ಹೂವಿನಜ್ಜಿಗೆ ಹೇಳಿ ಬಂದಳು. ಯಾರೂ ಕೇಳಿರಲಿಲ್ಲ, ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮಮ್ಮ ಅಂಥವಳಲ್ಲ. ಅಜ್ಜಿ ಆ ವಾರದ ಕೂಲಿಯನ್ನು ಮುರಿದುಕೊಳ್ಳದೆ ಕೊಟ್ಟು, "ಗೊತ್ತಿಲ್ದೆ ಆಗಿದ್ದು ನಂಗೆ ಅಂಟಲ್ಲ ಬಿಡವ್ವ. ನಿನ್ ಚಿಕ್ಕೋಳು ಇದಾಳಲ್ಲ, ಅವಳನ್ನ ಕಳ್ಸು" ಅಂದಳಂತೆ.

ಭಾನುವಾರ ನನ್ನನ್ನು ಮೂಲೆಯಲ್ಲಿ ಚಾಪೆಯ ಮೇಲೆ ಕೂರಿಸಿದ್ದರು. ಅಕ್ಕಪಕ್ಕದವರು ಬಂದು ಆರತಿ ಎತ್ತಿದರು, ಚಿಗಳಿ ಉಂಡೆ ಕೊಟ್ಟರು, ಕೊಬ್ಬರಿ ಬೆಲ್ಲ ತಿನ್ನಿಸಿದರು, ಎಷ್ಟು ತಿಂದರೂ ಇನ್ನೂ ತಿನ್ನು ಅಂದರು. ಹುಟ್ಟುಹಬ್ಬ ಅಂತ ಯಾರಿಗೂ ನೆನಪಿರಲಿಲ್ಲ. ತಂಗಿಗೆ ಮಾತ್ರ ನೆನಪಿತ್ತು. ಅವಳಿಗೆ ಆಗ ಹತ್ತು ವರ್ಷ. ಬಾಗಿಲ ಹತ್ತಿರ ನಿಂತು, ನನ್ನನ್ನು ಮುಟ್ಟುವಂತಿಲ್ಲವೆಂದು ದೂರದಿಂದಲೇ ಕೈ ಆಡಿಸಿದಳು. ಸಂಜೆ ಸ್ನಾನ ಮಾಡಿ ಹೂವಿನಜ್ಜಿಯ ಜಗಲಿಗೆ ಹೋದಳು.

ಮೈಲಿಗೆ ಕಳೆದ ಮೇಲೆ ಒಂದು ದಿನ ಅಮ್ಮ ಬಿಳಿ ಬಟ್ಟೆಯ ತುಂಡೊಂದನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದಳು. ಡಬ್ಬಿಯ ದುಡ್ಡನ್ನೆಲ್ಲ ಅದರ ಮೇಲೆ ಸುರಿದು ಗಂಟು ಕಟ್ಟಿದಳು. ಮಾಲೇಕಲ್ಲಿನ ದೇವರಿಗೆ ತಪ್ಪುಕಾಣಿಕೆ. ನಾನು ಅಪ್ಪನ ಹತ್ತಿರ ಹೋದೆ.

"ನನ್ ದುಡ್ಡು ಅಂತ ನೀನೇ ಅಂದಿದ್ದೆ ತಾನೆ?"

ಅಪ್ಪ ಕಾಲ್ಬೆರಳು ನೋಡಿಕೊಳ್ಳುತ್ತಾ, "ನಿನ್ದೇ ಕಣವ್ವ. ಅದಕ್ಕೇ ನಿನ್ ಕೈಯಲ್ಲೇ ಹಾಕ್ಸೋದು" ಅಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಪಾಪ ಅನ್ನುವಂಥ ಮೆದುತನ ಇತ್ತು. ಅದಕ್ಕೆ ಎದುರು ಹೇಳಲು ನನಗೆ ಏನೂ ಹೊಳೆಯಲಿಲ್ಲ. ಈಗ ಬೇಲೂರಿನ ಒಂದು ಆಫೀಸಿನಲ್ಲಿ ದುಡಿಯುತ್ತೇನೆ. ಸಂಬಳ ಬರುವ ಮೊದಲೇ ಮನೆಯಲ್ಲಿ ಯಾರಾದರೊಬ್ಬರು ಅದಕ್ಕೊಂದು ದಾರಿ ತೋರಿಸಿರುತ್ತಾರೆ, ಅಷ್ಟೇ ಮೆದುವಾಗಿ. ಈಗಲೂ ಏನೂ ಹೊಳೆಯುವುದಿಲ್ಲ.

ಶನಿವಾರ ಅಮ್ಮ, ತಂಗಿ, ನಾನು ಬೆಟ್ಟ ಹತ್ತಿದೆವು. ಗಂಟು ನನ್ನ ಕೈಯಲ್ಲೇ ಇತ್ತು. ಮೇಲೆ ಹೋದರೆ ಅದು ಹುಂಡಿಯ ಬಾಯಿಗೆ ಹಿಡಿಸಲಿಲ್ಲ. ಹಿಂದೆ ಜನ ನಿಂತಿದ್ದರು. "ಬಿಚ್ಚಿ ಹಾಕೇ" ಅಂದಳು ಅಮ್ಮ. ಬಿಚ್ಚಿದೆ. ಮುದುಡಿದ ನೋಟುಗಳನ್ನು ಒಂದೊಂದಾಗಿ ತುರುಕಿದೆ, ಆಮೇಲೆ ಚಿಲ್ಲರೆ. ಅಳು ಬಂತು. ಭಕ್ತಿ ಅಂದುಕೊಂಡು ಪಕ್ಕದ ಹೆಂಗಸೊಬ್ಬಳು ತಲೆ ಸವರಿದಳು. ಪೂಜಾರಿ ಪ್ರಸಾದ ಅಂತ ಒಂದು ತುಂಡು ಹೂವು ಕೊಟ್ಟರು. ಎರಡು ಬೆರಳು ಅಂತರ ಬಿಟ್ಟು ಕಟ್ಟಿದ ಸಡಿಲ ಗಂಟುಗಳು, ನೋಡಿದೊಡನೆ ನಮ್ಮ ತಂಗಿಯದೇ ಅಂತ ತಿಳಿಯಿತು. ಅಮ್ಮ "ಕಣ್ಣಿಗೊತ್ಕೊ" ಅಂದಳು, ಒತ್ತಿಕೊಂಡೆ.

ಇಳಿಯುವಾಗ ಅಮ್ಮ ಸ್ವಲ್ಪ ಮುಂದಿದ್ದಳು. ತಂಗಿ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಅಕ್ಕ, ಅದೇ ಡಬ್ಬಿ ತಗೊಂಡಿದೀನಿ. ತುಂಬಿದ ಮೇಲೆ ಕೇಕ್ ತರ್ತೀನಿ. ಇಬ್ಬರ ಹೆಸ್ರೂ ಬರೆಸ್ತೀನಿ, ನಿಂದೇ ಮೇಲೆ."

ನಾನು ಅವಳ ಮೈಯನ್ನು ಒಂದು ಸಲ ನೋಡಿದೆ. ಇನ್ನೂ ಚಪ್ಪಟೆ ಎದೆ, ಕಡ್ಡಿಯಂಥ ಕೈಕಾಲು. ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿದ್ದಳು.

"ಬೇಗ ತಂದ್ಬಿಡೇ" ಅಂದೆ.