ತಿಪ್ಪಕ್ಕನ ತಿಜೋರಿ

ಬೀಗ ರಿಪೇರಿ ಕಾಟಲಿಂಗಪ್ಪನ ಮನೆ ಯಾವುದು ಎಂದು ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಕೇಳಿದರೆ ಸಣ್ಣ ಮಕ್ಕಳೂ ಬೆರಳು ಮಾಡಿ ತೋರಿಸುತ್ತಾರೆ. ಆ ಮನೆಯೊಳಗೆ ಹೋಗಿ ಒಂದು ಗಳಿಗೆ ಕೂತು ಬಂದವರು ಯಾರು ಎಂದು ಕೇಳಿ ನೋಡಿ, ಒಬ್ಬರೂ ಬಾಯಿ ಬಿಡುವುದಿಲ್ಲ. ನಲವತ್ತು ವರ್ಷ ಊರವರ ಬೀಗ ತೆಗೆದ ಮನುಷ್ಯ ಅವನು. ಕೀ ಕಳೆದ ದಿನ "ಬಾರಪ್ಪ, ನೀನೇ ದೇವರು" ಎಂದು ಕೈ ಹಿಡಿದು ಕರೆದವರು, ಬೀಗ ತೆಗೆದ ಮಾರನೆಯ ದಿನವೇ ಅಂಗಡಿಗೆ ಹೋಗಿ ಹೊಸ ಬೀಗ ತರುತ್ತಿದ್ದರು. ನೆಂಟರ ಮದುವೆಮನೆಗೆ ಅವನು ಕಾಲಿಡುತ್ತಲೇ ಹೆಂಗಸರ ಕೈ ಸೊಂಟದ ಕೀ ಗೊಂಚಲಿಗೆ ಹೋಗುತ್ತಿತ್ತು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂದು ಗಾದೆ ಕಟ್ಟಿದ ಜನ, ಬೀಗದವನನ್ನು ಬಿಟ್ಟಾರೆಯೇ?

ಇದೆಲ್ಲ ಗೊತ್ತಿದ್ದೇ ಕಾಟಲಿಂಗಪ್ಪ ತನಗೊಂದು ಕಟ್ಟುಪಾಡು ಮಾಡಿಕೊಂಡಿದ್ದ. ತಿಜೋರಿಯ ಬೀಗ ಒಳಗೆ 'ಟಕ್' ಎಂದು ಸಡಿಲಾದ ಕೂಡಲೇ ಕೈ ಹಿಂದಕ್ಕೆ ತೆಗೆಯುವುದು. ಹಿಡಿಕೆ ಮುಟ್ಟುವುದಿಲ್ಲ. ಎದ್ದು ಜಗಲಿಗೆ ಹೋಗಿ ಬೀದಿಗೆ ಮುಖ ಮಾಡಿ ಕೂರುವುದು. ಬಾಗಿಲು ಎಳೆಯುವವರು ಮನೆಯವರೇ. "ಬೀಗ ನಮ್ದು, ಒಳಗಿಂದು ಅವರ್ದು" ಎಂದು ಹೇಳುತ್ತಿದ್ದ. ಒಮ್ಮೆ ಹೊಸದುರ್ಗದ ಕಡೆ ಶ್ರೀರಾಂಪುರದಲ್ಲಿ ಮರುಳಸಿದ್ದಪ್ಪ ಎಂಬ ವ್ಯಾಪಾರಿಯ ಮನೆಯಲ್ಲಿ ತಿಜೋರಿ ತೆಗೆದು ಹೀಗೇ ಜಗಲಿಗೆ ಬಂದು ಕೂತ. ಒಳಗೆ ಹನ್ನೆರಡು ಜನರ ಗದ್ದಲ, ನಗು, ಯಾರೋ ಅತ್ತ ಸದ್ದು. ಎರಡು ತಾಸು ಕಳೆದರೂ ಅವನೊಬ್ಬ ಹೊರಗಿದ್ದಾನೆ ಎಂಬುದು ಒಬ್ಬರಿಗೂ ನೆನಪಾಗಲಿಲ್ಲ. ಕೊನೆಗೆ ಎಮ್ಮೆ ಕಟ್ಟಲು ಬಂದ ಆಳು ನೋಡಿ, "ನೀವಿನ್ನೂ ಇಲ್ಲೇ ಇದೀರೇನ್ರಿ?" ಎಂದ. ಇಷ್ಟೊಂದು ತಿಜೋರಿ ತೆಗೆದವನು ಒಂದರ ಒಳಗನ್ನೂ ನೋಡಿದವನಲ್ಲ.

ಹೆಂಡತಿ ತಿಪ್ಪಕ್ಕ ಮದಕರಿಪುರದವಳು. ಮಕ್ಕಳಾಗಲಿಲ್ಲ. ಅವನು ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಎಂದು ಬಸ್ಸು ಹತ್ತಿ ಹೋದರೆ ಬರುವುದು ಸಂಜೆಗೆ, ಕೆಲವೊಮ್ಮೆ ಮಾರನೆಯ ದಿನಕ್ಕೆ. ಬಂದ ಮೇಲೆ ಅವಳು ಮುದ್ದೆ ಇಟ್ಟು ಕೇಳುತ್ತಿದ್ದಳು, "ಏನಿತ್ತ್ರೀ ಒಳಗೆ?"

"ನೋಡ್ಲಿಲ್ಲ."

ಅಲ್ಲಿಗೆ ಮಾತು ಮುಗಿಯಿತು. ಹೇಳಬಾರದ್ದು ತಿಜೋರಿಯ ಒಳಗಿದ್ದದ್ದು. ದಾರಿಯಲ್ಲಿ ಕಂಡದ್ದು, ಬಸ್ಸಿನಲ್ಲಿ ಕೇಳಿದ್ದು ಕೂಡ ಹೇಳಬಾರದೆಂದು ಇವನಿಗೆ ಯಾರು ಹೇಳಿದ್ದರೋ ಕಾಣೆ. ಉಂಡು ಕೈ ತೊಳೆದು ಮಲಗಿಬಿಡುತ್ತಿದ್ದ.

ಆ ಮನೆಯಲ್ಲಿ ಮಾತು ಕೇಳಿಬಂದ ಕಾಲವೆಂದರೆ, ಹಿರಿಯೂರಿನ ಲಕ್ಷ್ಮೀಕಾಂತ ಬೀಗದ ಕೆಲಸ ಕಲಿಯಲು ಬರುತ್ತಿದ್ದ ಎರಡು ವರ್ಷ. ಇಪ್ಪತ್ತು ವರ್ಷದ ಹಿಂದಿನ ಸಂಗತಿ. ಆಗಲೇ ಮೂವತ್ತು ದಾಟಿದ್ದ ಗಂಡಸು, ಮಾಡುತ್ತಿದ್ದ ಕೆಲಸ ಹೋಗಿತ್ತು. ಪಡಸಾಲೆಯಲ್ಲಿ ಇಬ್ಬರೂ ಬೀಗ ಬಿಚ್ಚಿಕೊಂಡು ಕೂರುತ್ತಿದ್ದರು. ನಡುಮನೆಯ ಹೊಸಿಲ ಹತ್ತಿರ ತಿಪ್ಪಕ್ಕ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. "ಮದ್ವೆ ದಿನ, ಹುಟ್ಟಿದ ದಿನ ನಂಬರ್ ಇಡೋರು ದಡ್ಡರು ಕಣಲೇ. ಮೊದ್ಲು ಅದನ್ನೇ ತಿರುಗಿಸಿ ನೋಡು, ಅರ್ಧ ಊರಿನ ತಿಜೋರಿ ತೆಕ್ಕಂತವೆ" ಎಂದು ಕಾಟಲಿಂಗಪ್ಪ ಪಾಠ ಹೇಳುತ್ತಿದ್ದ. ಕೆಟ್ಟ ಬೀಗಗಳನ್ನು ಮೂಲೆಯ ಡಬ್ಬಿಗೆ ಎಸೆಯುತ್ತಿದ್ದ. ಡಬ್ಬಿ ತುಂಬಿದಾಗ ತಿಪ್ಪಕ್ಕ ಅದನ್ನು ಪಾತ್ರೆ ಮಾರುವವಳಿಗೆ ಹಾಕುತ್ತಾಳೆ ಎಂದು ಅವನು ತಿಳಿದಿದ್ದ.

ಆ ಡಬ್ಬಿಗೆ ಬಿದ್ದವುಗಳಲ್ಲಿ ಹರಿಯಬ್ಬೆ ಎಂಬ ಊರಿನಿಂದ ತಂದ ಬೀಗವೂ ಒಂದು. ಕಾಟಲಿಂಗಪ್ಪನನ್ನು ಸೋಲಿಸಿದ್ದು ಜನ್ಮದಲ್ಲಿ ಅದೊಂದೇ. ತೆಂಗಿನಕಾಯಿ ಹೋಳಿನಷ್ಟು ದಪ್ಪದ ಹಿತ್ತಾಳೆ ಬೀಗ, ಕೊಂಡಿ ಒತ್ತಿದರೆ ಕೀ ಇಲ್ಲದೆಯೇ ಬಿದ್ದುಕೊಳ್ಳುವಂಥದ್ದು, ತೆಗೆಯಲು ಮಾತ್ರ ಯಮಸಾಹಸ. ಹರಿಯಬ್ಬೆಯ ಆ ಮನೆಯವರು ಕಾಯುವ ತಾಳ್ಮೆಯಿಲ್ಲದೆ ಬಾಗಿಲ ಚಿಲಕವನ್ನೇ ಕೊಯ್ಯಿಸಿ, ಬೀಗವನ್ನು ಇವನ ಕೈಗಿಟ್ಟಿದ್ದರು. ಮನೆಗೆ ತಂದು ಒಂದು ತಿಂಗಳು ಜಗ್ಗಾಡಿ, "ಇದು ಯಾರಪ್ಪನಿಗೂ ಬರಾದಲ್ಲ" ಎಂದು ಎಸೆದುಬಿಟ್ಟಿದ್ದ.

ತಿಜೋರಿ ಬಂದದ್ದು ಅದಾಗಿ ಮೂರ್ನಾಲ್ಕು ವರ್ಷಕ್ಕೆ. ಹೊಳಲ್ಕೆರೆಯಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರು, ನಂಬರ್ ಚಕ್ರವಿರುವ ಮೊಣಕಾಲುದ್ದದ ಕಬ್ಬಿಣದ ಪೆಟ್ಟಿಗೆಯನ್ನು ಹೊರಲಾರದೆ, "ನೀನೇ ತಗಂಡು ಹೋಗಪ್ಪ" ಎಂದರು. ಮನೆಯಲ್ಲಿ ಇಳಿಸುತ್ತಲೇ ತಿಪ್ಪಕ್ಕ, "ಇದು ನನಗಿರ್ಲಿ" ಎಂದಳು. ಲಕ್ಷ್ಮೀಕಾಂತನಿಗೆ ನಂಬರ್ ಬದಲಿಸುವುದು ಹೇಳಿಕೊಟ್ಟದ್ದನ್ನು ಹೊಸಿಲ ಬಳಿ ಕೂತು ಕೇಳಿಸಿಕೊಂಡಿದ್ದಳೋ ಏನೋ, ಒಂದು ಮಧ್ಯಾಹ್ನ ತಾನೇ ಹೊಸ ನಂಬರ್ ಇಟ್ಟುಕೊಂಡಳು. ಸಂಜೆ ಬಂದ ಗಂಡನಿಗೆ ಸವಾಲು ಹಾಕಿದಳು: "ಊರ ಬೀಗ ಎಲ್ಲಾ ತೆಗಿತೀರಲ್ಲ, ನಂದೊಂದು ತೆಗೀರಿ ನೋಡಾಣ!"

ಅವನು ಮೀಸೆಯಲ್ಲಿ ನಕ್ಕ. ಮನಸ್ಸು ಮಾಡಿದ್ದರೆ ಒಂದು ಹೊತ್ತಿನ ಕೆಲಸ. ಆದರೆ ಅವಳದ್ದು ಅಂತ ಒಂದಿರಲಿ ಎಂದು ಅದರ ಮೇಲೆ ಕೈಯಿಡಲಿಲ್ಲ. ಹಾಗೆ ಬಿಟ್ಟದ್ದನ್ನು ದೊಡ್ಡ ಪ್ರೀತಿ ಎಂದು ಅವನು ನಂಬಿದ್ದ. ಪ್ರೀತಿಯೇ ಇರಬಹುದು, ಇಲ್ಲವೆನ್ನಲು ನಾವು ಯಾರು. ಆದರೆ ಕೇಳುವುದಕ್ಕೇನಾಗಿತ್ತು? ಹದಿನಾರು ವರ್ಷದಲ್ಲಿ ಒಂದು ದಿನವೂ "ಏನಿಟ್ಟೀಯೇ ಅದ್ರಾಗೆ?" ಎಂದು ಕೇಳಲಿಲ್ಲ.

ಎಂಟು ತಿಂಗಳ ಹಿಂದೆ ತಿಪ್ಪಕ್ಕನಿಗೆ ಎದೆನೋವು ಬಂತು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದವಳು ಅವನ ಅಂಗಿಯ ತೋಳು ಹಿಡಿದು, "ಮನೆಗೆ ಹೋಗಾಣ. ಹೋಗ್ತಲೇ ತಿಜೋರಿ ತೆಗೆದು ನಿಮಗೊಂದು ತೋರಿಸ್ತೀನಿ. ನಗಬಾರ್ದು ಮತ್ತೆ" ಎಂದಳು. ಮನೆಗೆ ಬಂದದ್ದು ಅವಳಲ್ಲ, ಅವಳ ದೇಹ.

ಹನ್ನೊಂದು ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಕಾಟಲಿಂಗಪ್ಪ ತಿಜೋರಿಯ ಮುಂದೆ ಕೂತ. ತೋರಿಸುತ್ತೇನೆಂದು ಹೇಳಿ ಹೋದಳಲ್ಲ, ಅದೇನೆಂದು ನೋಡದೆ ಸತ್ತರೆ ತನ್ನ ಜೀವಕ್ಕೆ ನೆಮ್ಮದಿಯಿಲ್ಲ ಎನ್ನಿಸಿತ್ತು. ಚಕ್ರಕ್ಕೆ ಬೆರಳಿಟ್ಟ. ಬೆರಳಿಗೆ ಏನೂ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ ಐದಾರು ವರ್ಷದಿಂದ ಪಾದ ಹಿಡಿದಿತ್ತು. ಈಗ ಬೆರಳ ತುದಿಗಳೂ ಮರಗಟ್ಟಿದ್ದವು. ಚಕ್ರ ಎಲ್ಲಿ ಕೂದಲೆಳೆಯಷ್ಟು ತಡೆಯುತ್ತದೆ ಎಂಬುದು ಬೆರಳಿಗೆ ಗೊತ್ತಾಗಬೇಕು, ಆ ಕೆಲಸ ಇರುವುದೇ ಅಲ್ಲಿ. ಮರಗಟ್ಟಿದ ಬೆರಳಿಗೆ ತಿಜೋರಿಯೂ ಒಂದೇ, ಗೋಡೆಯೂ ಒಂದೇ.

ಮದುವೆಯ ದಿನ ತಿರುಗಿಸಿ ನೋಡಿದ. ಅವಳು ಹುಟ್ಟಿದ ವರ್ಷ, ತಾನು ಹುಟ್ಟಿದ ದಿನ, ಮನೆಯ ನಂಬರು, ಅವಳಪ್ಪ ಸತ್ತ ತಾರೀಖು, ಎಲ್ಲ ಆಯಿತು. ದಡ್ಡರ ನಂಬರು ಎಂದು ಊರಿಗೆಲ್ಲ ಪಾಠ ಹೇಳಿದವನು ಎಂಟು ತಿಂಗಳು ಅದೇ ದಡ್ಡರ ನಂಬರನ್ನು ತಿರುಗಿಸುತ್ತ ಕೂತ. ಬೆರಳಿನ ಸ್ಪರ್ಶ ಇನ್ನು ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವನಿಗೆ ಭಯವಾಯಿತು. ತಾನು ಸತ್ತರೆ ತಿಜೋರಿ ಗುಜರಿಗೆ ಹೋಗುತ್ತದೆ. ಅವರು ಗ್ಯಾಸಿನ ಬೆಂಕಿ ಹಾಕಿ ಕೊಯ್ಯುತ್ತಾರೆ. ಒಳಗಿದ್ದದ್ದು ಸುಟ್ಟು ಹೋಗುತ್ತದೆ. ಅಂದೇ ಹಿರಿಯೂರಿಗೆ ಫೋನು ಮಾಡಿದ.

"ಲೇ ಲಕ್ಷ್ಮೀಕಾಂತ, ಒಂದು ತಿಜೋರಿ ತೆಗೀಬೇಕು."

"ಯಾರದ್ದಣ್ಣ?"

"ನಮ್ಮನೇದು."

"ಬರ್ತೀನಣ್ಣ" ಎಂದಷ್ಟೇ ಹೇಳಿದ.

ಲಕ್ಷ್ಮೀಕಾಂತ ಬೆಳಗಿನ ಬಸ್ಸಿಗೇ ಬಂದ. ಈಗ ಅವನಿಗೂ ತಲೆ ನರೆತಿದೆ, ಹಿರಿಯೂರಿನಲ್ಲಿ ಸ್ವಂತ ಅಂಗಡಿ. ತಿಜೋರಿಯ ಮುಂದೆ ಚಾಪೆ ಹಾಸಿ, ಅಂಗೈಗೆ ಸೀಮೆಸುಣ್ಣದ ಪುಡಿ ತಿಕ್ಕಿಕೊಂಡು, "ಡ್ರಿಲ್ ತಂದಿದೀನಿ, ಹಾಕಿದ್ರೆ ಅರ್ಧ ಗಂಟೆ" ಎಂದ.

"ಡ್ರಿಲ್ ಬ್ಯಾಡ. ಅವಳ ಪೆಟ್ಟಿಗೆಗೆ ತೂತು ಬೀಳಬಾರ್ದು. ಎಷ್ಟು ಹೊತ್ತಾದ್ರೂ ಆಗ್ಲಿ, ಕೈಯಾಗೇ ತೆಗಿ."

ಲಕ್ಷ್ಮೀಕಾಂತ ಬಾಗಿಲಿಗೆ ಕಿವಿ ಆನಿಸಿ ಚಕ್ರ ತಿರುಗಿಸತೊಡಗಿದ. ಆಗಾಗ ನಿಲ್ಲಿಸಿ ನೆಲದ ಮೇಲೆ ಬಳಪದಿಂದ ಒಂದೊಂದು ಅಂಕಿ ಬರೆಯುತ್ತಿದ್ದ. ಕಾಟಲಿಂಗಪ್ಪನಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಎಷ್ಟೋ ಮನೆಗಳಲ್ಲಿ ಅವನು ಚಾಪೆಯ ಮೇಲೆ ಕೂತವನು. ಹಿಂದೆ ನಿಂತವರ ಕಡೆ ತಿರುಗಿಯೂ ನೋಡಿದವನಲ್ಲ. ಇವತ್ತು ತಾನೇ ಹಿಂದೆ ನಿಂತ. ಎರಡು ಸಲ ಟೀ ಕಾಸಿದ, ಒಂದರಲ್ಲಿ ಸಕ್ಕರೆ ಮರೆತ, ಇನ್ನೊಂದರಲ್ಲಿ ಟೀ ಪುಡಿಯನ್ನೇ ಮರೆತ. ಲಕ್ಷ್ಮೀಕಾಂತ ಎರಡನ್ನೂ ಪೂರ್ತಿ ಕುಡಿದ.

"ಅಕ್ಕ ಅಲ್ಲೇ ಕುಂತ್ಕಂಡು ಅಕ್ಕಿ ಆರಿಸ್ತಿದ್ರು, ಅಲ್ವಾ?" ಹೊಸಿಲ ಕಡೆ ನೋಡಿ ಒಮ್ಮೆ ಹೇಳಿದ. "ಒಂದು ಸೇರು ಅಕ್ಕಿ ಇಡೀ ದಿನ ಆರಿಸ್ತಿದ್ರು."

ಕಾಟಲಿಂಗಪ್ಪ ಹೂಂಗುಟ್ಟಿದ. ಆ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಒಳಗೆ ಏನೋ 'ಟಕ್' ಎಂದಿತು. ಲಕ್ಷ್ಮೀಕಾಂತ ಕೈ ಹಿಂದಕ್ಕೆ ತೆಗೆದ. "ನಲವತ್ತೊಂದು, ಏಳು, ಎಂಬತ್ತಾರು. ಯಾವ ದಿನ ಅಣ್ಣ ಇದು?"

ಕಾಟಲಿಂಗಪ್ಪ ಯೋಚಿಸಿದ. ಯಾವ ದಿನವೂ ಅಲ್ಲ, ಯಾವ ವರ್ಷವೂ ಅಲ್ಲ. ಯಾರ ಲೆಕ್ಕಕ್ಕೂ ಸಿಗದ ನಂಬರು. ಇದು ತಾನು ಹೇಳಿದ ಪಾಠವೇ ಎಂದು ಹೊಳೆಯಿತು. ಆದರೆ ಪಾಠ ಹೇಳಿದ್ದು ಅವಳಿಗಲ್ಲವಲ್ಲ. ಅಷ್ಟರಲ್ಲಿ ಲಕ್ಷ್ಮೀಕಾಂತ ಎದ್ದು ಹೊರಗೆ ಹೋಗಿ, ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದ. ಗುರು ಕಲಿಸಿದ ಹಾಗೆಯೇ.

ಮನೆ ಭಣಭಣ ಎನ್ನುತ್ತಿತ್ತು. ಶ್ರೀರಾಂಪುರದ ಆ ಹನ್ನೆರಡು ಜನ ನೆನಪಾದರು. ತೆಗೆದ ತಿಜೋರಿಯ ಮುಂದೆ ನಿಂತವನಿಗೆ ಪಕ್ಕದಲ್ಲೊಬ್ಬರು ಬೇಕು ಎಂದು ಅವನಿಗೆ ಅರವತ್ತಾರನೆಯ ವಯಸ್ಸಿನಲ್ಲಿ ಗೊತ್ತಾಯಿತು. ಹಿಡಿಕೆ ತಿರುಗಿಸಿ ಬಾಗಿಲು ಎಳೆದ.

ಒಡವೆ ಇರಲಿಲ್ಲ, ಕಾಗದ ಪತ್ರವೂ ಇರಲಿಲ್ಲ. ಅವಳ ಹಳೆಯ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿತ್ತು. ಅದರ ಮೇಲೆ ಸಾಲಾಗಿ ಒಂಬತ್ತು ಬೀಗ. ಅವನೇ ಡಬ್ಬಿಗೆ ಎಸೆದ ಬೀಗಗಳು, ತುಕ್ಕು ಉಜ್ಜಿ ಎಣ್ಣೆ ಬಿಟ್ಟವು, ಒಂದೊಂದರ ಕೊಂಡಿಯೂ ಮೇಲೆದ್ದು ತೆರೆದಿತ್ತು. ಪಕ್ಕದಲ್ಲಿ ಛತ್ರಿಯ ಕಡ್ಡಿಗಳನ್ನು ಅರದಿಂದ ತಿಕ್ಕಿ, ತುದಿ ಬಗ್ಗಿಸಿ ಮಾಡಿದ ಕೊಕ್ಕೆಗಳು. ಹಿಡಿಯುವ ಕಡೆ ರವಿಕೆಯ ಬಟ್ಟೆ ಸುತ್ತಿ ದಾರ ಕಟ್ಟಿತ್ತು. ಕೈಯ ಬೆವರಿಗೆ ಬಟ್ಟೆ ಕಪ್ಪಾಗಿತ್ತು.

ಸಾಲಿನ ಕೊನೆಯಲ್ಲಿ ತೆಂಗಿನಕಾಯಿ ಹೋಳಿನಷ್ಟು ದಪ್ಪದ ಹಿತ್ತಾಳೆ ಬೀಗ. ಅದೂ ತೆರೆದಿತ್ತು.

"ಲಕ್ಷ್ಮೀಕಾಂತ, ಒಳಗೆ ಬಾ."

"ಬ್ಯಾಡಣ್ಣ. ನೀವೇ ಹೇಳಿಕೊಟ್ಟಿದ್ದಲ್ವಾ, ಒಳಗಿಂದು ಮನೆಯವರ್ದು ಅಂತ."

"ಬಾ ಅಂದೆ. ನನಗೊಬ್ಬನಿಗೇ ನೋಡಾಕೆ ಆಗವಲ್ದು."

ಲಕ್ಷ್ಮೀಕಾಂತ ಬಂದು ಕೂತು, ಒಂದು ಕೊಕ್ಕೆ ತೆಗೆದು ಬೆಳಕಿಗೆ ಹಿಡಿದ. "ಕೆಲಸ ಬಲ್ಲ ಕೈ ಇದು. ತುದಿ ಎಷ್ಟು ನಾಜೂಕಾಗಿ ಬಗ್ಗಿಸವ್ರೆ ನೋಡ್ರಿ. ಯಾರಣ್ಣ?"

ಮರೆತೇಹೋಗಿದ್ದ ಒಂದು ದಿನ ಕಾಟಲಿಂಗಪ್ಪನ ಕಣ್ಣ ಮುಂದೆ ಬಂತು. ಇದೇ ಪಡಸಾಲೆ. ಕೈಯಲ್ಲಿ ಮೊರ ಹಿಡಿದು ಹೊಸಿಲ ಬಳಿ ನಿಂತ ತಿಪ್ಪಕ್ಕ. ನೀವು ಊರೂರು ಹೋಗ್ತೀರಿ, ಒಬ್ಬಳಿಗೇ ಹೊತ್ತು ಹೋಗಲ್ಲ, ನನಗೂ ಒಂದಿಷ್ಟು ಕಲಿಸ್ರಿ, ನಿಮ್ಮ ಜೊತೆ ಬರ್ತೀನಿ ಎಂದಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಮೊದ್ಲು ಗಂಟಾಗದಂಗೆ ಮುದ್ದೆ ತಿರುವಾದು ಕಲಿ, ಆಮೇಲೆ ಬೀಗ" ಎಂದಿದ್ದ.

"ಕೇಳಿದ್ಳು ಕಣಲೇ," ಎಂದ ಕಾಟಲಿಂಗಪ್ಪ. "ನಿನ್ನ ಮುಂದೇನೇ ಕೇಳಿದ್ಳು. ನಾನೇ ನಕ್ಕುಬಿಟ್ಟೆ."

ಲಕ್ಷ್ಮೀಕಾಂತ ತಲೆ ತಗ್ಗಿಸಿದ. ಆ ದಿನ ಅವನೂ ನಕ್ಕಿದ್ದ. ಹರಿಯಬ್ಬೆಯ ಬೀಗವನ್ನು ಕೈಗೆತ್ತಿಕೊಂಡ. ಈ ಬೀಗದ ಕಥೆ ಅವನಿಗೂ ಗೊತ್ತಿತ್ತು. ತಿರುಗಿಸಿ ನೋಡಿದ, ಕಣ್ಣರಳಿಸಿದ, ಮೇಲೆದ್ದ ಕೊಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಲು ಹೋದ. ಕಾಟಲಿಂಗಪ್ಪ ತಟ್ಟನೆ ಬಾಗಿ ಅವನ ಮುಂಗೈ ಹಿಡಿದುಕೊಂಡ.

"ಒತ್ತಬ್ಯಾಡ. ಅದನ್ನ ತೆಗೆಯೋಳು ಈಗ ಇಲ್ಲ."