ಹದಿನೇಳು ಒಂದುಗಳು

ಆವುಲಪ್ಪ ಮೇಷ್ಟ್ರು ಗೌರಿಬಿದನೂರಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು, ಅವರ ಹೆಂಡತಿ ಗಂಗುಲಮ್ಮ ನಗರಗೆರೆಯಲ್ಲಿ. ಇಬ್ಬರದೂ ಒಂದೇ ವಿಷಯವಾದ್ದರಿಂದ ಮನೆಯಲ್ಲಿ ಜಗಳವೆಂದರೆ ಲೆಕ್ಕದ ಮೇಲೆಯೇ.

ನಿವೃತ್ತಿಯಾದ ವರ್ಷ ಒಂದು ಸಂಜೆ ಗಂಗುಲಮ್ಮ ಅವರೆಕಾಯಿ ಸುಲಿಯುತ್ತ ಕೇಳಿದರು.

"ಒಂದನ್ನ ಪಕ್ಕಪಕ್ಕ ಹದಿನೇಳು ಸಲ ಬರೆದ್ರೆ ಒಂದು ದೊಡ್ಡ ಸಂಖ್ಯೆ ಆಗುತ್ತಲ್ಲ, ಅದು ಯಾವುದರಿಂದಲೂ ಭಾಗ ಆಗಲ್ಲ ಕಣ್ರೀ. ಅವಿಭಾಜ್ಯ."

"ಮೂರು ಒಂದು ಬರೆದ್ರೆ ಮೂವತ್ತೇಳರಿಂದ ಹೋಗುತ್ತೆ, ಐದು ಬರೆದ್ರೆ ನಲವತ್ತೊಂದರಿಂದ. ಇದು ಮಾತ್ರ ಏನು ಗಟ್ಟಿ? ಎಲ್ಲೋ ಒಡೀಲೇಬೇಕು."

"ಒಡೆದು ತೋರ್ಸಿ. ಕಂಪ್ಯೂಟರ್ ಮುಟ್ಟೋ ಹಾಗಿಲ್ಲ."

ಅಂದಿನಿಂದ ಸಂಜೆಯ ಕಾಫಿಯಾದ ಮೇಲೆ ಅದೇ ಕೆಲಸ. ಅದನ್ನು ಭಾಗಿಸಬಲ್ಲ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಮೂವತ್ನಾಲ್ಕರಿಂದ ಭಾಗಿಸಿದರೆ ಶೇಷ ಒಂದೇ ಉಳಿಯಬೇಕು ಎಂದು ಗಂಗುಲಮ್ಮ ಸಾಧಿಸಿ ತೋರಿಸಿದರು. ಹದಿನಾರರಲ್ಲಿ ಹದಿನೈದು ಪಾಲು ಶ್ರಮ ಉಳಿಯಿತು. ಗಂಡ ಭಾಗಿಸುವುದು, ಹೆಂಡತಿ ಗುಣಿಸಿ ತಾಳೆ ನೋಡುವುದು. ವರ್ಷಗಟ್ಟಲೆ ಹೀಗೇ ನಡೆದು ಐದು ಲಕ್ಷದ ಹತ್ತಿರ ಬಂದರು. ಶೇಷವಿಲ್ಲದೆ ಯಾವುದೂ ಹೋಗಲಿಲ್ಲ. ಪ್ರತಿ ಸಲವೂ ಗಂಗುಲಮ್ಮ, "ನಾನ್ ಹೇಳ್ಲಿಲ್ವಾ?" ಎಂದು ನಗುತ್ತಿದ್ದರು.

ಆಮೇಲೆ ಅವರ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್‌ಗೆ ಚಿಕ್ಕಬಳ್ಳಾಪುರಕ್ಕೆ ಓಡಾಟ. ಮಂಚದ ಪಕ್ಕ ಕೂತು ಭಾಗಿಸುತ್ತಿದ್ದ ಗಂಡನನ್ನು, "ಶೇಷ ಎಷ್ಟ್ರೀ?" ಎಂದು ಕಣ್ಣುಮುಚ್ಚಿಕೊಂಡೇ ಕೇಳುತ್ತಿದ್ದರು. ಕೇಳುವ ದನಿ ಕ್ಷೀಣಿಸುತ್ತ ಬಂದು ಒಂದು ಬೇಸಿಗೆಯಲ್ಲಿ ನಿಂತೇಹೋಯಿತು.

ಆವುಲಪ್ಪನವರು ಬಿಡಲಿಲ್ಲ. ತಾಳೆ ನೋಡುವವರಿಲ್ಲದ್ದರಿಂದ ತಾವೇ ಹೆಂಡತಿಯ ಹಾಗೆ ಗುಣಿಸಿಯೂ ನೋಡುತ್ತಿದ್ದರು. ಕಣ್ಣಿನ ಪೊರೆ ಬಲಿತಿತ್ತು, ತಪ್ಪುಗಳಾಗುತ್ತಿದ್ದವು, ಮತ್ತೆ ಮೊದಲಿನಿಂದ.

ಮಗಳು ಸಂಘಮಿತ್ರ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ; ಅಪ್ಪನ ಜೊತೆಗೇ ಇದ್ದಳು. ಕಂಪ್ಯೂಟರ್ ಮುಟ್ಟಬಾರದೆಂಬ ಅಪ್ಪ ಅಮ್ಮನ ನಡುವಿನ ಕರಾರು ಅವಳಿಗೆ ಗೊತ್ತಿರಲಿಲ್ಲ. ಒಂದು ಭಾನುವಾರ, ಅಪ್ಪ ಕಣ್ಣು ಉಜ್ಜಿಕೊಂಡು ಉಜ್ಜಿಕೊಂಡು ಬರೆಯುವುದನ್ನು ನೋಡಲಾರದೆ ಫೋನಿನಲ್ಲಿ ಹದಿನೇಳು ಒಂದು ಒತ್ತಿ, ಯಾವುದರಿಂದ ಭಾಗವಾಗುತ್ತದೆಂದು ಹುಡುಕಿದಳು.

"ಅಪ್ಪಾ, ಸಿಕ್ತು! ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳ್ನೂರ ಇಪ್ಪತ್ಮೂರರಿಂದ ಹೋಗುತ್ತಂತೆ!"

ಆವುಲಪ್ಪನವರು ಮೊದಲು ಆ ಸಂಖ್ಯೆಯನ್ನು ಮೂವತ್ನಾಲ್ಕರಿಂದ ಭಾಗಿಸಿದರು. ಒಂದು ಉಳಿಯಿತು. ಆಮೇಲೆ ದೊಡ್ಡ ಭಾಗಾಕಾರಕ್ಕೆ ಕೂತರು. ತಿಂಡಿ ಆರಿಹೋಯಿತು. ಕೊನೆಯ ಸಾಲಿಗೆ ಬಂದಾಗ ಏನೂ ಉಳಿಯಲಿಲ್ಲ.

"ನೀವೇ ಗೆದ್ರಿ ಅಲ್ವಾಪ್ಪಾ?"

"ಗೆದ್ದೆ ಕಣಮ್ಮ. ಅವಳು ಬದುಕಿದ್ದಿದ್ರೂ ನಾವಿಬ್ರೂ ಇಷ್ಟು ದೂರ ಬರ್ತಿರಲಿಲ್ಲ." ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಅವಳ ಮಾತೇ ನಿಜ ಆಗ್ಬೇಕಿತ್ತು. ಒಡೀದೇ ಇದ್ದಿದ್ರೆ ನಾನು ಸಾಯೋವರ್ಗೂ ಭಾಗಿಸ್ತಾ ಇರ್ತಿದ್ದೆ."

ತಾನು ಮಾಡಿದ್ದೇನೆಂದು ಸಂಘಮಿತ್ರಳಿಗೆ ಆಗ ಹೊಳೆಯಿತು. "ನಂಗೆ ಗೊತ್ತಿರಲಿಲ್ಲಪ್ಪಾ..."

"ನಿಂದೇನ್ ತಪ್ಪು ಬಿಡು. ಈಗ ಸಂಜೆ ಹೊತ್ತು ಏನ್ ಮಾಡ್ಲಿ, ಅದೇ ಯೋಚ್ನೆ."

ಅವಳು ಅಪ್ಪನ ಪಕ್ಕ ನೆಲದ ಮೇಲೆ ಕೂತು, ಅವರ ಬೆರಳಿಗೆ ಮೆತ್ತಿದ್ದ ಶಾಯಿಯನ್ನು ಸೆರಗಿನಿಂದ ಮೆಲ್ಲಗೆ ಒರೆಸತೊಡಗಿದಳು.